ಸೀಸದ ಮುದ್ರೆ ಬಿದ್ದ ಬ್ರೆಡ್ಡು

"ಇವತ್ತಿನಿಂದ ಈ ಮನೇಲಿ ಯಾರೂ ಕೈಗೆ ಹಿಟ್ಟು ಮೆತ್ತಿಸಿಕೊಳ್ಳೋ ಹಾಗಿಲ್ಲ!"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಅಪ್ಪಣೆ ಹೊರಡಿಸಿದವರು ಸಾಮಾನ್ಯರಲ್ಲ, ಸೀಲು ಸಾಹೇಬರು. ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ತಂತಿ ಸುತ್ತಿ, ಸೀಸದ ಮುದ್ರೆ ಒತ್ತುವ ಸರ್ಕಾರಿ ಅಧಿಕಾರಿ. ಐದು ಗ್ರಾಂ ಕಡಿಮೆ ತೂಗುವ ವ್ಯಾಪಾರಿಯ ಎದೆ ಅವರ ಬೂಟಿನ ಸದ್ದಿಗೇ ಡವಡವ ಎನ್ನುತ್ತದೆ. ಅಂಥವರ ಮಾತಿಗೆ ಮನೆಯಲ್ಲಿ ಮಾತ್ರ ಮೂರು ಕಾಸಿನ ಕಿಮ್ಮತ್ತಿಲ್ಲ. ಅದಕ್ಕೆ ಕಾರಣ ಅತ್ತೆ.

ಅತ್ತೆ ಕೆಟ್ಟವರೇನಲ್ಲ. ಬೈಯುವುದಿಲ್ಲ, ಜಗಳಕ್ಕೂ ಬರುವುದಿಲ್ಲ. "ಇರಲಿ ಬಿಡಿ" ಎನ್ನುತ್ತಾರೆ, ಅಷ್ಟೆ. ಅಳಿಯ ತಂದ ಮೊಟ್ಟೆ ಸುಲಿಯುವ ಯಂತ್ರ ಮೊಟ್ಟೆಯನ್ನು ಸಿಪ್ಪೆಸಮೇತ ಅಪ್ಪಚ್ಚಿ ಮಾಡಿದಾಗ "ಇರಲಿ ಬಿಡಿ." ಈರುಳ್ಳಿ ಹೆಚ್ಚುವ ಯಂತ್ರ ಈರುಳ್ಳಿಯನ್ನೆಲ್ಲ ಗೋಡೆಗೆ ಬಳಿದಾಗಲೂ "ಇರಲಿ ಬಿಡಿ." ಹನ್ನೊಂದು ವರ್ಷಗಳಲ್ಲಿ ಅಳಿಯ ತಂದ ಒಂದೇ ಒಂದು ಸಾಮಾನಿಗೂ ಅವರು "ಚೆನ್ನಾಗಿದೆ" ಎಂದವರಲ್ಲ. ಸಾಹೇಬರಿಗೆ ಬಡ್ತಿ ಬೇಡ, ಪದಕ ಬೇಡ, ಅತ್ತೆಯ ಬಾಯಿಂದ ಆ ಒಂದು ಮಾತು ಬೇಕು. ಅದನ್ನು ಹೇಗಾದರೂ ಹೊರಡಿಸಲೆಂದೇ ಈಗ ಬ್ರೆಡ್ ಯಂತ್ರ ಬಂದಿತ್ತು. ಕಲಸುವುದು, ನಾದುವುದು, ಬೇಯಿಸುವುದು, ಎಲ್ಲ ಅದೇ.

ಅತ್ತೆಯಾದರೋ ಎಂದಿನಂತೆ ತೋಳೇರಿಸಿ ಬ್ರೆಡ್ಡಿನ ಹಿಟ್ಟು ನಾದಲು ಕೂತಾಗಿತ್ತು.

"ಎಷ್ಟು ನೀರು ಹಾಕಿದ್ರಿ ಅತ್ತೆ?"

"ಹಿಡಿಸೋವಷ್ಟು."

"ಉಪ್ಪು?"

"ಬೇಕಾದಷ್ಟು."

ಸಾಹೇಬರು ಕಿವಿ ಮುಚ್ಚಿಕೊಂಡರು. ಇಂಥ ಉತ್ತರ ಕೊಟ್ಟ ಎಷ್ಟೋ ಅಂಗಡಿಗಳಿಗೆ ಅವರು ನೋಟಿಸು ಜಾರಿ ಮಾಡಿದ್ದುಂಟು!

ಅವರ ವಿಧಾನವೇ ಬೇರೆ. ಮೊದಲು ಯಂತ್ರದ ಬಿಡಿಭಾಗಗಳನ್ನೆಲ್ಲ ಕಳಚಿ, ಸೋಪು ಹಾಕಿ ತೊಳೆದು, ಸಿಂಕಿನ ಪಕ್ಕ ಒಣಗಲು ಸಾಲಾಗಿ ಜೋಡಿಸಿದರು. ಆಮೇಲೆ ಸ್ವಂತದ ತಕ್ಕಡಿಯನ್ನು ಮೂರು ಸಲ ಪರೀಕ್ಷಿಸಿ, ಹಿಟ್ಟು ತೂಗಿದರು. ನೀರು, ಈಸ್ಟು ತೂಗಿದರು. ಉಪ್ಪನ್ನು ತೂಗುವಾಗ ಯಾರೂ ಉಸಿರಾಡಬಾರದೆಂದು ಹೇಳಿ ಕಿಟಕಿಯನ್ನೂ ಮುಚ್ಚಿಸಿದರು. ಎಲ್ಲವನ್ನೂ ಯಂತ್ರದ ಪಾತ್ರೆಗೆ ಸುರಿದು, ಮುಚ್ಚಳ ಹಾಕಿ, ಗುಂಡಿ ಒತ್ತಿ, ಬ್ಯಾಗಿನಿಂದ ತಂತಿ, ಸೀಸದ ಬಿಲ್ಲೆ, ಇಕ್ಕಳ ತೆಗೆದರು.

ಹೆಂಡತಿ ದಂಗಾದಳು. "ರೀ, ಬ್ರೆಡ್ಡಿಗೂ ಸೀಲಾ?"

"ಮತ್ತೆ? ನಿಮ್ಮಮ್ಮ ಹಿಂದಿನಿಂದ ಬಂದು ಒಂದು ಚಿಟಿಕೆ ಏನಾದ್ರೂ ಹಾಕಿಬಿಟ್ರೆ? ಆಮೇಲೆ ಗೆಲುವು ಯಾರದ್ದು ಅಂತ ತೀರ್ಮಾನ ಮಾಡೋದು ಹೇಗೆ?"

ಯಂತ್ರಕ್ಕೆ ಉದ್ದಕ್ಕೊಂದು, ಅಡ್ಡಕ್ಕೊಂದು ತಂತಿ ಬಿತ್ತು. ಗಂಟಿನ ಮೇಲೆ ಸೀಸದ ಬಿಲ್ಲೆ ಕೂತಿತು. ಇಕ್ಕಳ "ಕಟ್" ಎಂದಿತು. ಜಗತ್ತಿನಲ್ಲಿ ಇಷ್ಟು ಭದ್ರವಾದ ಬ್ರೆಡ್ಡು ಹಿಂದೆ ಇರಲಿಲ್ಲ, ಮುಂದೆ ಇರಲಾರದು!

ಹತ್ತು ನಿಮಿಷ ಕಳೆದಿರಬೇಕು. ಪಾತ್ರೆ ತೊಳೆಯಲು ಹೋದ ಹೆಂಡತಿ ಕೈಯಲ್ಲಿ ಏನೋ ಹಿಡಿದುಕೊಂಡು ಬಂದಳು. "ರೀ, ಇದು..."

"ಹಸ್ತಕ್ಷೇಪ ಬೇಡ!"

"ಅಲ್ಲ ರೀ, ಸಿಂಕಿನ ಹತ್ರ..."

"ಏನೇ ದೂರಿದ್ರೂ ಮುದ್ರೆ ಒಡೆದ ಮೇಲೆ. ಬರವಣಿಗೇಲಿ ಕೊಡು."

"ಸರಿ ಸಾಹೇಬ್ರೇ" ಎಂದು ಅವಳು ಕೈಯಲ್ಲಿದ್ದುದನ್ನು ಊಟದ ಮೇಜಿನ ಚಮಚಗಳ ಡಬ್ಬಿಗೆ ಹಾಕಿ ಪೇಪರ್ ಓದಲು ಹೋದಳು. ಇಷ್ಟು ಸುಲಭವಾಗಿ ಹೆಂಡತಿ ಸೋತದ್ದು ಇದೇ ಮೊದಲು. ಬುದ್ಧಿಯಿದ್ದವನಾದರೆ ಅಲ್ಲೇ ಅನುಮಾನಪಡಬೇಕಿತ್ತು.

ಸಾಹೇಬರು ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. "ನೋಡಿ ಅತ್ತೆ, ಸದ್ದೇ ಇಲ್ಲ! ಒಳಗೆ ನಾದೋ ಕೆಲಸ ನಡೀತಿದೆ ಅಂತ ಹೇಳಿದ್ರೆ ಯಾರೂ ನಂಬಲ್ಲ."

"ಹೌದು, ನಂಗೂ ನಂಬಿಕೆ ಬರ್ತಿಲ್ಲ" ಎಂದರು ಅತ್ತೆ, ಹಿಟ್ಟನ್ನು ಮಣೆಗೆ ಬಡಿಯುತ್ತಾ.

ಹನ್ನೊಂದೂವರೆಗೆ ಅತ್ತೆಯ ಬ್ರೆಡ್ಡು ಓವನ್ನಿನಿಂದ ಹೊರಬಂತು. ಒಂದು ಕಡೆ ಸೊಟ್ಟಗಿತ್ತು, ಆದರೆ ಅದರ ಪರಿಮಳಕ್ಕೆ ಪಕ್ಕದ ಮನೆಯವರು ಸುಮ್ಮಸುಮ್ಮನೆ ಬಾಗಿಲಿಗೆ ಬಂದು ಗಂಟೆ ಎಷ್ಟೆಂದು ಕೇಳಿ ಹೋದರು. ಅಷ್ಟರಲ್ಲಿ ಯಂತ್ರವೂ "ಪೀಂ ಪೀಂ" ಎಂದಿತು. ಸಾಹೇಬರು ಎದ್ದು ನಿಂತು, ಕೂದಲು ಸವರಿಕೊಂಡು, ತಂತಿ ಕತ್ತರಿಸಿ, ಪಾತ್ರೆಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಒಂದು ಏಟು ಕೊಟ್ಟರು.

ಬುಸ್!

ಅಡುಗೆಮನೆ ತುಂಬ ಹಿಟ್ಟಿನ ಧೂಳು. ಧೂಳು ಇಳಿದಾಗ ಸಾಹೇಬರ ಹುಬ್ಬು, ಮೀಸೆ, ಬನಿಯನ್ ಎಲ್ಲ ಬಿಳಿ. ತಟ್ಟೆಯಲ್ಲಿ ಸೀದ ಹಿಟ್ಟಿನ ಪುಡಿ, ಪುಡಿಯ ಮೇಲೆ ಗೋಂದಿನಂಥ ಒಂದು ಮುದ್ದೆ, ಅದರ ನೆತ್ತಿಯಲ್ಲಿ ತಳ ಹಿಡಿದು ಕರಕಲಾದ ಒಂದು ಚಕ್ಕೆ. ಯಾವುದೂ ಇನ್ನೊಂದರ ಜೊತೆ ಬೆರೆತಿರಲಿಲ್ಲ. ಮೂರೂವರೆ ಗಂಟೆ ಒಟ್ಟಿಗಿದ್ದರೂ ಪರಿಚಯವೇ ಆಗಿರಲಿಲ್ಲ!

"ಅಳಿಯಂದಿರೇ, ತೂಕ ಸರಿಯಾಗಿತ್ತು ತಾನೆ?" ಅತ್ತೆ ಅತ್ಯಂತ ವಿನಯದಿಂದ ಕೇಳಿದರು.

"ಒಂದು ಗ್ರಾಂ ಕೂಡ ಹೆಚ್ಚುಕಮ್ಮಿ ಇರ್ಲಿಲ್ಲ" ಎಂದು ಸಾಹೇಬರು ಹಿಟ್ಟು ಉಗುಳಿದರು. ಅಳು ಬರುವಂತಾಗಿತ್ತು. ಹನ್ನೊಂದು ವರ್ಷ ಕಾದ ಮಾತು ಮತ್ತೆ ಕೈ ತಪ್ಪಿತ್ತು. "ಎಲ್ಲಾ ಸರಿಯಾಗೇ ಹಾಕಿದ್ದೆ!"

"ಕಲಸೋ ರೆಕ್ಕೆ ಒಂದು ಬಿಟ್ಟು" ಎಂದಳು ಹೆಂಡತಿ, ಪೇಪರ್ ಮಡಚುತ್ತಾ. "ಪಾತ್ರೆಯ ತಳದಲ್ಲಿ ಕೂರಿಸಬೇಕಲ್ಲ, ಹೆಬ್ಬೆರಳಷ್ಟು ಉದ್ದದ್ದು? ತೊಳೆದು ಸಿಂಕಿನ ಪಕ್ಕ ಇಟ್ಟಿದ್ರಿ. ಅಲ್ಲೇ ಇತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಬರವಣಿಗೇಲಿ ಕೊಡು ಅಂದ್ರಿ. ಪೆನ್ನು ಸಿಗ್ಲಿಲ್ಲ."

"ಈಗ ಎಲ್ಲಿದೆ ಅದು?"

ಹೆಂಡತಿ ಊಟದ ಮೇಜಿನ ಕಡೆ ಕಣ್ಣಲ್ಲೇ ತೋರಿಸಿದಳು. ಅಲ್ಲಿ ಅತ್ತೆ ಬಿಸಿ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರುತ್ತಿದ್ದರು. ಚಮಚದಿಂದಲ್ಲ, ಚಾಕುವಿನಿಂದಲೂ ಅಲ್ಲ. ಡಬ್ಬಿಯಲ್ಲಿ ಕೈಗೆ ಸಿಕ್ಕ ಆ ಪುಟ್ಟ ರೆಕ್ಕೆಯಿಂದ.

ಸಾಹೇಬರ ಮುಂದೆ ಒಂದು ತುಂಡು ಬಂದು ಕೂತಿತು. ಹಸಿದಿದ್ದರು, ತಿಂದರು. ಸೊಟ್ಟ ಬ್ರೆಡ್ಡು ಬಾಯಲ್ಲಿಟ್ಟರೆ ಕರಗಿತು, ಅದೊಂದು ಬೇರೆ ಅವಮಾನ.

"ಅಳಿಯಂದಿರೇ" ಎಂದರು ಅತ್ತೆ, ರೆಕ್ಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾ, "ಬೆಣ್ಣೆ ಸವರೋ ಈ ಸಾಮಾನು ನೀವು ತಂದಿದ್ದಾ?"

"ಹೂಂ."

"ಬಹಳ ಚೆನ್ನಾಗಿದೆ! ಇಂಥದ್ದೇ ಇನ್ನೆರಡು ತಂದ್ಬಿಡಿ."