ಇಳಿದ ನೀರಿನ ಪೆನ್ನಿ

ಎಲ್ಲಕ್ಕೂ ಕಾರಣ ನಬಿಸಾಬ ಆಡಿದ ಒಂದು ಮಾತು.

ನಬಿಸಾಬ ಊರೂರು ತಿರುಗಿ ಒಡಕು ತಾಮ್ರ, ಹಿತ್ತಾಳೆ ಕೊಳ್ಳುವವನು. ಆ ಶನಿವಾರ ಸಂಜೆ ಗದಗ ಸ್ಟೇಷನ್ನಿನ ಗೂಡ್ಸ್ ಆಫೀಸಿನ ಮುಂದೆ ತಕ್ಕಡಿ ಇಳಿಸಿ, ಬೀಡಿ ಹಚ್ಚುತ್ತ ಗುಮಾಸ್ತ ಪಾಂಡುರಂಗರಾಯರಿಗೆ ಹೇಳಿದ:

"ರಾಯರ, ನಿಮ್ಮ ಡಬ್ಬಿಯೊಳಗಿನಂಥಾ ದುಡ್ಡು ಡೋಣಿ ಊರಾಗ ನೋಡಿದೆ. ಗದಿಗೆವ್ವ ಅಂತ ಒಬ್ಬಾಕಿ ಮುದುಕಿ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡತಾಳ. ಒಂದು ಕಡೆ ತ್ರಿಶೂಲ ಹಿಡದ ಹೆಣ್ಣು, ಇನ್ನೊಂದು ಕಡೆ ಗಡ್ಡದ ಬೋಳತಲಿ ರಾಜಾ."

"ಬೋಳತಲಿ? ಇಸವಿ ಯಾವುದು?"

"ನನಗೇನ ಓದಾಕ ಬರತೈತೇನ್ರಿ? ಅದಕ್ಕ ಕುಂಕುಮ ಮೆತ್ತೈತಿ, ನನಗ ಅಕ್ಷರ ಹತ್ತಿಲ್ಲ."

ಪಾಂಡುರಂಗರಾಯರಿಗೆ ಇಂಗ್ಲೆಂಡಿನ ಹಳೆಯ ಪೆನ್ನಿ ನಾಣ್ಯಗಳ ಹುಚ್ಚು. ಅದನ್ನು ಹಿಡಿಸಿದವನು ರೈಲ್ವೆಯ ಒಬ್ಬ ಬಿಳಿ ಎಂಜಿನಿಯರ್. ಸ್ವಾತಂತ್ರ್ಯ ಬಂದಾಗ ಆತ ಒಂದು ತಗಡಿನ ಡಬ್ಬಿ ತುಂಬ ಪೆನ್ನಿಗಳನ್ನೂ ಒಂದು ಭೂತಗನ್ನಡಿಯನ್ನೂ ರಾಯರ ಕೈಗಿಟ್ಟು ತನ್ನೂರಿನ ಹಡಗು ಹತ್ತಿದ. ಆಮೇಲೆ ಆ ಸುಖ ಹಂಚಿಕೊಳ್ಳಲು ಗದಗ ಬೆಟಗೇರಿಯಲ್ಲಿ ಇನ್ನೊಂದು ಜೀವ ಸಿಗಲಿಲ್ಲ. ತುರುಬು ಕಟ್ಟಿದ ಎಳೆಯ ರಾಣಿ, ಮುಸುಕು ಹೊದ್ದ ಮುದಿ ರಾಣಿ, ದೀಪಸ್ತಂಭದ ಚಿತ್ರ ಇದ್ದದ್ದು, ಇಲ್ಲದ್ದು ಎಂದು ರಾಯರು ಡಬ್ಬಿ ತೆರೆದರೆ ಸಾಕು, ಆಫೀಸಿನವರಿಗೆಲ್ಲ ಒಮ್ಮೆಲೇ ಕೆಲಸ ನೆನಪಾಗುತ್ತಿತ್ತು. ಹೆಂಡತಿ ಜಾನಕೀಬಾಯಿ ಬದುಕಿದ್ದಾಗ ಅಕ್ಕಿ ಆರಿಸುತ್ತಲಾದರೂ ಹೂಂಗುಡುತ್ತಿದ್ದಳು. ಈಗ ಮನೆಯಲ್ಲಿ ಹೂಂಗುಡುವುದು ಗೋಡೆಯ ಹಲ್ಲಿ ಮಾತ್ರ. ಮನೆಯೊಡತಿ ಭಾಗೀರಥಿಬಾಯಿಯಂತೂ, "ರಾಯರ, ನಡೀಲಾರದ ರೊಕ್ಕದ ಸಂಗತಿ ಎಷ್ಟಂತ ಮಾತಾಡ್ತೀರಿ? ಒಂದು ಗಿಳಿಯರೆ ಸಾಕ್ಕೋರಿ, ಅದು ಕೇಳ್ತದ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಸಾಹೇಬ ಹೋಗುವಾಗ ಒಂದು ಮಾತು ಹೇಳಿದ್ದ. ಬೋಳುತಲೆಯ ಎಡ್ವರ್ಡ್ ರಾಜ ಪಟ್ಟಕ್ಕೆ ಬಂದ ಹೊಸದರಲ್ಲಿ, 1902ರ ಕೆಲವು ಪೆನ್ನಿಗಳಲ್ಲಿ, ತ್ರಿಶೂಲ ಹಿಡಿದು ಕುಳಿತ ಹೆಣ್ಣಿನ ಹಿಂದಿನ ಸಮುದ್ರದ ಗೆರೆ ಉಳಿದವುಗಳಿಗಿಂತ ಎಳ್ಳುಕಾಳಿನಷ್ಟು ಕೆಳಗಿದೆ. ಅದು 'ಇಳಿದ ನೀರಿನ ಪೆನ್ನಿ.' ರಾಯರ ಡಬ್ಬಿಯಲ್ಲಿ ಇರದಿದ್ದದ್ದು ಅದೊಂದೇ. ಡೋಣಿಯ ಪಕ್ಕದ ಕಪ್ಪತಗುಡ್ಡಕ್ಕೆ ಸರಿಸುಮಾರು ಅದೇ ಕಾಲಕ್ಕೆ ಬಿಳಿಯರು ಚಿನ್ನ ಅಗೆಯಲು ಬಂದಿದ್ದರೆಂಬುದು ಅವರಿಗೆ ಗೊತ್ತಿತ್ತು.

ಮರುದಿನ ರವಿವಾರ. ರಾಯರು ಕರಿ ಕೋಟು ಹಾಕಿ, ಕೊಡೆ, ಭೂತಗನ್ನಡಿ ಹಿಡಿದು ಮುಂಡರಗಿ ಕಡೆಯ ಬಸ್ಸು ಹತ್ತಿದರು. ಇಳಿದು ಉಳಿದ ದಾರಿ ನಡೆದು ಡೋಣಿ ಮುಟ್ಟಿದಾಗ ಚಾವಡಿಯ ಕಟ್ಟೆಯ ಮೇಲೆ ಊರ ಹಿರಿಯ ದ್ಯಾಮಪ್ಪ ಕುಳಿತಿದ್ದ.

"ಯಾವ ಕಡಿಂದ ಬಂದ್ರಿ? ಏನ ಕೆಲಸಿತ್ರಿ?"

ರಾಯರು ತಡವರಿಸಿದರು. ಹೊಸ ಪೈಸೆ ಬಂದ ವರ್ಷ ಅದು. ಹಳೆಯ ನಾಣ್ಯದ ಮಾತೆತ್ತಿದರೆ, ಕಸಿಯಲು ಬಂದರೆಂದು ಹೆಂಗಸರು ದುಡ್ಡಿನ ಗಡಿಗೆ ಬಚ್ಚಿಡುತ್ತಿದ್ದರು. ಸುಳ್ಳೂ ಆಗಬಾರದು, ನಾಣ್ಯದ ಹೆಸರೂ ಬರಬಾರದು ಎಂದು ಜಾಣತನದಿಂದ ಹೇಳಿದರು: "ಏನಿಲ್ಲ, ಗದಿಗೆವ್ವನ ಮನಿಯೊಳಗ ಸ್ವಲ್ಪ ನೀರು ನೋಡೋದದ. ಮ್ಯಾಲ ಅದನೋ, ಕೆಳಗ ಅದನೋ, ನೋಡಿ ಹೋಗ್ತೀನಿ."

ದ್ಯಾಮಪ್ಪ ಚೇಳು ಕುಟುಕಿದವನಂತೆ ಎದ್ದು ನಿಂತ. ಬೇಸಿಗೆಯ ಕಡೆಯ ದಿನಗಳು. ಊರಿನ ಬಾವಿಗಳಲ್ಲಿ ನೀರಿಗಿಂತ ಹಗ್ಗವೇ ಹೆಚ್ಚಿತ್ತು.

"ಲೇ, ಬರ್ರಿ ಎಲ್ಲಾರೂ! ನೀರು ನೋಡಾವ್ರು ಬಂದಾರ! ಮುಂಬೈ ಸರಕಾರ ಇದ್ದಾಗ ಒಬ್ಬ ನರಪಿಳ್ಳಿ ಬರಲಿಲ್ಲ. ಈಗ ಕನ್ನಡದಾವ್ರೆಲ್ಲಾ ಒಂದಾದ್ವಿ, ನೋಡ್ರಿ, ಮೈಸೂರಾವ್ರು ಜಲ್ದಿ ಕಳಿಸ್ಯಾರ!"

"ನಾ ಸರಕಾರದಾಂವ ಅಲ್ಲ, ನಾ ಗೂಡ್ಸ್ ಆಫೀಸ್..."

"ದೊಡ್ಡ ಸಾಹೇಬ್ರು ಹಿಂಗ ಅಂತಾರ. ನಡೀರಿ, ಮೊದಲ ನಮ್ಮ ಹೊಲಾ ನೋಡ್ರಿ."

ಕೊಡೆಯನ್ನು ಒಬ್ಬ ಹಿಡಿದ, ರಾಯರ ರಟ್ಟೆಯನ್ನು ಇಬ್ಬರು ಹಿಡಿದರು. ಮದುಮಗನನ್ನು ಒಯ್ದಂತೆ ಹೊಲದಿಂದ ಹೊಲಕ್ಕೆ ಒಯ್ದರು. ರಾಯರು ಕಾಲಿನ ಮುಳ್ಳು ತೆಗೆಯಲು ಬಗ್ಗಿದರೆ, "ಇಲ್ಲೇ ಐತಿ!" ಎಂದು ಅಲ್ಲೊಂದು ಕಲ್ಲು ನೆಟ್ಟರು. ಬೆವರೊರೆಸಿಕೊಂಡರೆ ಇನ್ನೊಂದು ಕಲ್ಲು. ಕೊನೆಗೆ ಬಿಸಿಲಿಗೆ ತಲೆ ಸುತ್ತಿ ಬದುವಿನ ಮೇಲೆ ಬಿದ್ದಾಗ, ಬಿದ್ದ ಜಾಗ ನಿನ್ನದೋ ನನ್ನದೋ ಎಂದು ಎರಡು ಹೊಲದವರು ಕೈ ಕೈ ಮಿಲಾಯಿಸಿದರು. ಎಬ್ಬಿಸುವ ನೆನಪು ಯಾರಿಗೂ ಆಗಲಿಲ್ಲ.

ಎಬ್ಬಿಸಿದವಳು ಒಬ್ಬ ಮುದುಕಿ. "ಮನಷ್ಯಾ ಅಂತ ತಿಳದೀರೋ, ಎತ್ತು ಅಂತ ತಿಳದೀರೋ? ನನ್ನ ಮನಿಗಿ ಬಂದಾವ್ರನ್ನ ಎಲ್ಲೆಲ್ಲಿ ಎಳದಾಡತೀರಿ?" ಎಂದು ಊರಿಗೆಲ್ಲ ಬೈದು ರಾಯರನ್ನು ಕರೆದೊಯ್ದಳು. ಗದಿಗೆವ್ವ ಅವಳೇ. ಒಂದು ತಂಬಿಗೆ ಮಜ್ಜಿಗೆ ಕುಡಿದ ಮೇಲೆ ರಾಯರಿಗೆ ಕಣ್ಣು ಕಂಡವು. ಅವಳೊಬ್ಬಳೇ ಇರುವ ಮನೆ. ದೇವರ ಜಗಲಿಯ ಮೇಲೆ ಅರಿಸಿನ ಕುಂಕುಮದ ಬಿಲ್ಲೆಯಂತೆ ಆ ಪೆನ್ನಿ ಕುಳಿತಿತ್ತು.

"ಇಕಿ ತ್ರಿಶೂಲದವ್ವ. ನಮ್ಮಪ್ಪ ಗುಡ್ಡದಾಗ ಬಂಗಾರ ಅಗಸೋ ಸಾಹೇಬನ ಕೈಯಾಗ ದುಡೀತಿದ್ದ. ಆ ಸಾಹೇಬ ಕೊಟ್ಟು ಹ್ವಾದ. ಬೆನ್ನಿಗಿರೋ ಬೋಳತಲಿಯಾಂವ ಇಕಿ ಗಂಡ. ಅಂವಗ ನಾ ಕುಂಕುಮ ಹಚ್ಚಂಗಿಲ್ಲ."

ರಾಯರು ಇವಳ ಮುಂದೆ ಮುಚ್ಚಿಡಲಿಲ್ಲ. ಸಾಹೇಬನ ವಿಷಯ, ಡಬ್ಬಿಯ ವಿಷಯ, ಸಮುದ್ರದ ಗೆರೆಯ ವಿಷಯ ಎಲ್ಲ ಹೇಳಿದರು. ಗದಿಗೆವ್ವ ಗದ್ದಕ್ಕೆ ಕೈಯಿಟ್ಟು ಕೇಳಿದಳು. ನಡುವೆ ಏಳಲಿಲ್ಲ, ಆಕಳಿಸಲಿಲ್ಲ.

"ನೀವು ಸಮುದ್ರ ನೋಡೀರೇನ್ರಿ?"

"ಇಲ್ಲ ಅವ್ವ."

"ನಾನೂ ನೋಡಿಲ್ಲ. ಮತ್ತ ಇಳದ ನೀರು ಎಲ್ಲಿಗಿ ಹೋಗತೈತ್ರಿ?"

ಇಷ್ಟು ವರ್ಷಗಳಲ್ಲಿ ಪೆನ್ನಿಯ ಬಗ್ಗೆ ಯಾರೂ ರಾಯರನ್ನು ತಿರುಗಿ ಒಂದು ಪ್ರಶ್ನೆ ಕೇಳಿರಲಿಲ್ಲ.  ಅವರಿಗೆ ಇಡೀ ದಿನ ಅಲ್ಲೇ ಕುಳಿತು ಉತ್ತರ ಹುಡುಕಬೇಕೆನಿಸಿತು.

ಗದಿಗೆವ್ವ ಕೈಮುಗಿದು ಪೆನ್ನಿಯನ್ನೆತ್ತಿ ಅವರ ಅಂಗೈಗಿಟ್ಟಳು. "ತಗೊಂಡು ಹೋಗ್ರಿ. ನಾ ಹ್ವಾದ ಮ್ಯಾಲ ಇಕಿಗಿ ದೀಪಾ ಹಚ್ಚಾವ್ರು ಯಾರದಾರ?"

ರಾಯರು ಧೋತರದ ತುದಿ ಒದ್ದೆ ಮಾಡಿ, ಕೂಸಿನ ಮುಖ ಒರೆಸುವಂತೆ ಕೆಳಭಾಗವನ್ನಷ್ಟೇ ಒರೆಸಿದರು. 1902. ಭೂತಗನ್ನಡಿಯನ್ನು ಹತ್ತಿರ ಹಿಡಿದರು. ಗೆರೆ ಇಳಿದಿತ್ತು!

"ಕೆಳಗ ಅದ!" ಎಂದು ರಾಯರು ಛಾವಣಿ ಹಾರುವಂತೆ ಕೂಗಿದರು. "ನೀರು ಕೆಳಗ ಅದ!"

ಹೊರಗೆ ಕಟ್ಟೆಯ ಮೇಲೆ ಕಾದು ಕುಳಿತಿದ್ದ ಊರು ಎದ್ದು ನಿಂತಿತು. ದ್ಯಾಮಪ್ಪ ರುಮಾಲು ತೆಗೆದು ಒಳಗೆ ಬಂದ. "ಎಷ್ಟ ಕೆಳಗೈತ್ರಿ, ಸಾಹೇಬ್ರ?"

"ಎಳ್ಳಿನಷ್ಟು!" ಎಂದರು ರಾಯರು, ಮುಖವೆಲ್ಲ ನಗುತ್ತ.

"ಎಳ್ಳಿನಷ್ಟ ನೀರು ಉಳದೈತಂತ!" ಎಂದು ಸುದ್ದಿ ಬೀದಿಗೆ ಹೋಯಿತು. ಹೆಂಗಸರು ಅಳತೊಡಗಿದರು. ರಾಯರು ಬಾಗಿಲಿಗೆ ಬಂದು, ಇದು ಈ ಊರಿನ ನೀರಲ್ಲ, ಈ ದುಡ್ಡಿನ ಮೇಲಿನ ನೀರು ಎಂದು ಕೈ ಮುಗಿದು ಹೇಳಿದರು. ಅದರಿಂದ ಮತ್ತಷ್ಟು ಕೆಟ್ಟಿತು.

"ಹಂಗಾರ ನಮ್ಮೂರ ನೀರು ಇಳಿಸಿದಾಕಿ ಈ ತ್ರಿಶೂಲದವ್ವ," ಎಂದ ದ್ಯಾಮಪ್ಪ. "ಬರೇ ಕುಂಕುಮ ಹಚ್ಚಿ ಒಣಾ ಜಗಲಿ ಮ್ಯಾಲ ಕುಂಡರಿಸಿದ್ರ ಸಿಟ್ಟು ಬರಲಾರದ ಇರತೈತೇನು? ಅಕಿನ್ನ ಬಾವಿಗಿ ಬಿಡ್ರಿ. ನೀರು ಏರತೈತಿ."

"ಬ್ಯಾಡ್ರೋ! ನಿಮ್ಮ ಕಾಲಿಗೆ ಬೀಳ್ತೀನಿ!" ರಾಯರು ಪೆನ್ನಿಯನ್ನು ಎದೆಗೊತ್ತಿಕೊಂಡು ಅತ್ತರು. ಇಂಥ ಭಕ್ತಿಯನ್ನು ಊರು ಕಂಡಿರಲಿಲ್ಲ. ನಾಲ್ಕು ಜನ ಅವರಿಗೇ ಅಡ್ಡಬಿದ್ದರು.

ಗದಿಗೆವ್ವ ಎಲ್ಲರ ಮುಖ ನೋಡಿದಳು. ಆಮೇಲೆ ರಾಯರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನಿ ತೆಗೆದುಕೊಂಡಳು. "ನನ್ನ ದೇವರನ್ನ ನಾನ ಬಿಡತೇನಿ." ಬಾವಿಯ ಹತ್ತಿರ ಹೋಗಿ ಕಣ್ಣುಮುಚ್ಚಿ ಕೈ ಬೀಸಿದಳು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಒಂದು ಸಣ್ಣ ಸದ್ದು ಬಂತು.

ಊರು ಮನೆಗೆ ಹೋಯಿತು. ರಾಯರನ್ನು ಯಾರೂ ಕೇಳಲಿಲ್ಲ. ಕೊಡೆ ಹಿಡಿದವನು ಕೊಡೆಯೊಂದಿಗೇ ಹೋಗಿದ್ದ.

ಹೊತ್ತು ಇಳಿಯುವಾಗ ರಾಯರು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಒಬ್ಬರೇ ಕುಳಿತಿದ್ದರು. ದೂರದಿಂದ ಗದಿಗೆವ್ವ ಏದುಸಿರು ಬಿಡುತ್ತ ಬಂದಳು. ಹಿಂದೆ ಮುಂದೆ ನೋಡಿ ಸೆರಗಿನ ಗಂಟು ಬಿಚ್ಚಿದಳು.

"ನಾ ಬಾವಿಗಿ ಒಗದದ್ದು ತೂತಿನ ದುಡ್ಡು. ಹೆಂಗೂ ಅದು ಬಂದ್ ಆಗತೈತಂತಲ್ಲ. ನಿಮ್ಮದು ಇಲ್ಲೈತಿ, ಹಿಡೀರಿ."

ರಾಯರು ಎರಡೂ ಕೈ ಚಾಚಿದರು. ಅವಳು ಮುಂದುವರಿಸಿದಳು: "ಬರಾಕ ಯಾಕ ತಡಾ ಆತಂದ್ರ, ರಾಡಿ ಮುಖದಾಕಿನ್ನ ಬೀಗರ ಮನಿಗಿ ಕಳಸತಾರೇನ್ರಿ? ಹುಣಚಿಹಣ್ಣು, ಇಟ್ಟಂಗಿ ಪುಡಿ ಹಾಕಿ ಮಧ್ಯಾಹ್ನದಿಂದ ತಿಕ್ಕೇನಿ ನೋಡ್ರಿ. ನಿಮಗ ನೀರು ಚೊಲೋತ್ನಂಗ ಕಾಣಬೇಕಲ್ಲ."

ಪೆನ್ನಿ ಹೊಸ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು. ಕುಳಿತ ಹೆಣ್ಣು ಉತ್ತತ್ತಿಯಂಥ ಒಂದು ಉಬ್ಬಾಗಿ ಉಳಿದಿದ್ದಳು. ತ್ರಿಶೂಲ ಒಂದು ಗೀರು. ಇಸವಿ ಇರಲಿಲ್ಲ. ಸಮುದ್ರ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ.

"ಈಗ ಕಾಣತೈತೇನ್ರಿ?"

ರಾಯರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಪಕ್ಕದಲ್ಲೇ ಅವಳ ಬೆರಳುಗಳು ಕಂಡವು. ಇಟ್ಟಂಗಿಯ ಕೆಂಪಿನಲ್ಲಿ ತುದಿಗಳು ಸುಲಿದಿದ್ದವು.

"ಕಾಣಸ್ತದ ಅವ್ವ," ಎಂದರು. "ಭಾಳ ಚೊಲೋ ಕಾಣಸ್ತದ."

ಬಸ್ಸು ಬಂತು. ಪಕ್ಕದ ಸೀಟಿನ ವ್ಯಾಪಾರಿ ಹೊಳಪು ಕಂಡು ಕಣ್ಣರಳಿಸಿದ. "ಬಂಗಾರದ್ದೇನ್ರಿ ಅದು?"

"ಅಲ್ಲ, ಇಂಗ್ಲೆಂಡಿನ ಪೆನ್ನಿ. ಇದರೊಳಗ ಒಂದು ಸಮುದ್ರ ಇತ್ತು..."

ವ್ಯಾಪಾರಿ ಆಗಲೇ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ರಾಯರು ಗದಗ ಬರುವ ತನಕ ಹೇಳುತ್ತಲೇ ಹೋದರು.