ಮದುವೆ ಮನೆಯ ದುರ್ಬೀನು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಹಾನಗಲ್ಲಿನವರು ಹೇಳುತ್ತಿದ್ದರು. ಶುದ್ಧ ಸುಳ್ಳು! ಅವನೇ ಹುಚ್ಚನ್ನು ಸವಣೂರಿನಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ಕರೆಯುವ ಎಮ್ಮೆಯನ್ನು ಅಲ್ಲಿಯ ಹಳೇ ಸಾಮಾನಿನ ಸಾಹೇಬರಿಗೆ ಕೊಟ್ಟು, ಬದಲಿಗೆ ಒಂದು ಹಿತ್ತಾಳೆ ದುರ್ಬೀನು ತಂದಿದ್ದ. ನಮ್ಮವ್ವ ಬಾಯಿ ಬಾಯಿ ಬಡಿದುಕೊಂಡಳು.

"ಎಮ್ಮಿ ಕೊಟ್ಟು ಕೊಳವಿ ತಂದ್ಯಲ್ಲೋ!"

"ಅಕ್ಕಾ, ಎಮ್ಮಿಯೊಳಗಿಂದ ನೋಡಿದ್ರ ಚಂದ್ರ ಕಾಣತಾನೇನು?"

ಆಕಾಶದಲ್ಲಿ ಅಷ್ಟು ಚುಕ್ಕೆಗಳಿದ್ದರೂ ಅವನ ಪ್ರೀತಿಯೆಲ್ಲ ಒಂದು ಮಬ್ಬು ಮೋಡದ ಮೇಲೆ. ಡಮರುವಿನ ಆಕಾರ. ನಡುವೆ ಮುಪ್ಪಾದ ನಕ್ಷತ್ರವೊಂದು ಕೂತು, ತನ್ನ ಮೈಯನ್ನೇ ಎರಡೂ ಕಡೆಗೆ ಉಗುಳುತ್ತಿದೆಯಂತೆ. ಎರಡೇ ಕಡೆಗೆ ಯಾಕೆ? ಅದಕ್ಕೆ ಉತ್ತರ ಯಾವುದೋ ಪುಸ್ತಕದಲ್ಲಿತ್ತೋ ಅವನ ತಲೆಯಲ್ಲೇ ಹುಟ್ಟಿತೋ ದೇವರೇ ಬಲ್ಲ. ತನ್ನ ಮಗಳನ್ನು ನೋಡಲು ಬಂದ ಶಿಗ್ಗಾಂವಿಯವರ ಮುಂದೆ ಅರಳೆಯ ಲೋಡಿಗೆ ಹಗ್ಗ ಬಿಗಿದು ತೋರಿಸಿದ. "ನಡಾ ಬಿಗದ್ರ ಅತ್ಲಾಗಷ್ಟು, ಇತ್ಲಾಗಷ್ಟು ಹೊಂಡಬೇಕ್ರಿ!" ಲೋಡು ಎರಡೂ ತುದಿಗೆ ಪಟ್ಟನೆ ಹರಿಯಿತು. ಅರಳೆಯ ಮೀಸೆ ಹೊತ್ತು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಹಿರೇಕೆರೂರಿನವರು ಧೈರ್ಯ ಮಾಡಿದರು. ತುಳಸಿ ಲಗ್ನ ಮುಗಿದ ಹೊಸತು, ಗೋಧೂಳಿ ಮುಹೂರ್ತ. ಯುದ್ಧದ ಕಾಲವಾದ್ದರಿಂದ ಸೀಮೆಎಣ್ಣೆಯಿಲ್ಲದೆ ಊರೆಲ್ಲ ಕತ್ತಲು. ತಾಳಿ ಕಟ್ಟಿ, ಚುಕ್ಕೆಗಳು ಮೂಡಿದ ಮೇಲೆ ಭಟ್ಟರು ಆಕಾಶದತ್ತ ಕೈ ಮಾಡಿ, "ಅರುಂಧತಿ ಕಂಡ್ಲೇನ್ರಿ?" ಎಂದರು. ಕಂಡಳು ಎನ್ನುವುದು ವಾಡಿಕೆ, ನಿಜವಾಗಿ ಯಾರು ನೋಡುತ್ತಾರೆ? ಮಾವ ಎದ್ದು ನಿಂತ!

"ಈಗ ಅರುಂಧತಿ ಇನ್ನೂ ಮೂಡೇ ಇಲ್ರಿ. ಸಂಸಾರದ ಮೊದಲನೇ ಮಾತೇ ಸುಳ್ಳಾಗೂದು ಬ್ಯಾಡ. ಬರ್ರಿ, ಇರೂದನ್ನ ತೋರಸ್ತೇನಿ."

ವರ ಹಂದರದ ಅಂಚಿನಲ್ಲಿ ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣಿಟ್ಟ. "ಮಬ್ಬ ಮಬ್ಬ ಡಮರು ಕಂಡಂಗ ಆತ್ರಿ."

"ಶಿವನ ಡಮರು! ಭಾಳ ಚಲೋ ಶಕುನ," ಎಂದು ವರನ ತಾಯಿ ಕೈ ಮುಗಿದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಅವನು ನಮ್ಮ ಮಾವನೇ?

"ಶಕುನ ಅಲ್ರಿ ಅವ್ವಾರ, ಅದು ಸಾಯಾಕತ್ತಿರೂ ಚುಕ್ಕಿ! ಒಂದು ಹೋಳು ನಮ್ಮ ಕಡೆ ಬರಾಕತ್ತೈತಿ, ಇನ್ನೊಂದು ದೂರ ಹೊಂಟೈತಿ. ಮತ್ತ ಎಂದೂ ಕೂಡಂಗಿಲ್ಲ!"

ಸನಾದಿ ಊದುವವನ ಉಸಿರು ಅರ್ಧಕ್ಕೇ ನಿಂತಿತು. ವರನ ತಾಯಿ ಎದ್ದೇಬಿಟ್ಟರು. "ನನ್ನ ಮಗನ ಲಗ್ನದಾಗ ಸಾಯೂ ಚುಕ್ಕಿ ತೋರಸ್ತೀರಿ? ನಿಮ್ಮ ಮಗಳು ನಿಮ್ಮಲ್ಲೇ ಇರ್ಲಿ!"

ಮಾವನಿಗೆ ಮಾತು ಸತ್ತದ್ದನ್ನು ನಾನು ಅಂದೇ ಕಂಡದ್ದು. ಅವನ ಹೆಂಡತಿ, ನಮ್ಮ ಅತ್ತೆ, ಈ ಮಗಳನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ಒಬ್ಬನೇ ಸಾಕಿದ ಮಗಳ ಬಾಳನ್ನು ಒಂದು ಮಾತಿನಲ್ಲಿ ಕೆಡಿಸಿಬಿಟ್ಟನಲ್ಲ ಎಂದು ನನಗೆ ಅಳು ಬಂತು.

ಮದುಮಗಳು ಬಾಸಿಂಗ ಸರಿಸಿಕೊಂಡು ದುರ್ಬೀನಿಗೆ ಬಾಗಿದಳು. "ಅಪ್ಪಾ, ನಡುವಿನ ಚುಕ್ಕಿ ನನಗ ಕಾಣವಲ್ದು."

"ಅದು ಕಾಣಂಗಿಲ್ಲ ಮಗಳ," ಎಂದ ಮಾವ. "ಅದು ಒಳಗ ಉರೀತೈತಿ ಅಂತನ ಸುತ್ತಲಿನ ಮಬ್ಬೆಲ್ಲಾ ಬೆಳಗತೈತಿ. ನಿನ್ನ ಹಡದಾಕಿನೂ ಹಂಗ."

ಹಂದರ ದಾಟಿ ಹೊರಟಿದ್ದ ಬೀಗಿತ್ತಿ ತಿರುಗಿ ಬಂದರು. ತಾವೇ ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.

"ಇಕಿ ಅವ್ವನ ಹೆಸರೇನ್ರಿ, ಬೀಗರ?"

ಮಾವ ಹೇಳಿದ. ಅತ್ತೆ ಹೋದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದನ್ನು ನಾವು ಕೇಳಿದ್ದು ಅದೇ ಮೊದಲು.