ನನ್ನ ಪಾಟಿಯ ಎಳ್ಳಮವಾಸ್ಯೆ

ಮರೆವು ದೊಡ್ಡ ರೋಗವೇನಲ್ಲ. ಮರೆಯುವವನಿಗೆ ಅದರಿಂದ ನೋವಿಲ್ಲ, ಜ್ವರವಿಲ್ಲ, ನರಳುವವರೆಲ್ಲ ಅಕ್ಕಪಕ್ಕದವರೇ. ನಾನು ಈ ರೋಗವನ್ನು ಚಿಕ್ಕಂದಿನಿಂದ ಸುಖವಾಗಿ ಅನುಭವಿಸಿಕೊಂಡು ಬಂದಿದ್ದೇನೆ. ಛತ್ರಿ, ಚಪ್ಪಲಿ, ಊಟದ ಡಬ್ಬಿ ಮರೆತದ್ದಕ್ಕೆ ಲೆಕ್ಕವೇ ಇಲ್ಲ. ಒಮ್ಮೆ ಹೆಂಡತಿ ಮಹಾದೇವಿಯ ಜೊತೆ ಭಾಲ್ಕಿಗೆ ಒಂದು ಮದುವೆಗೆ ಹೋದವನು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ದಿನಾ ಕಾಲೇಜಿನಿಂದ ಬರುವ ರೂಢಿಯಲ್ಲೇ ಸ್ಟೇಷನ್ನಿಗೆ ನಡೆದು, ರೈಲು ಹತ್ತಿ ಬೀದರಿಗೆ ಬಂದುಬಿಟ್ಟೆ. ಅಲ್ಲಿನ ಮೈಲೂರು ಬಡಾವಣೆಯ ನಮ್ಮ ಮನೆಗೆ ಬೀಗ ಬಿದ್ದಿರುವುದನ್ನು ಕಂಡು, ಇವಳು ಹೇಳದೆ ಕೇಳದೆ ಎಲ್ಲಿ ಹೋದಳೋ ಎಂದು ಪಕ್ಕದ ಮನೆಯವರ ಹತ್ತಿರ ಬೇಸರ ತೋಡಿಕೊಂಡೆ. ಅವಳು ಮುಂದಿನ ಗಾಡಿಗೆ ಬಂದಳು. ಬೀಗದ ಕೈ ಅವಳ ಪರ್ಸಿನಲ್ಲಿತ್ತು. ಆಮೇಲಿನ ಮಾತುಗಳನ್ನು ಮಾತ್ರ ನಾನು ಮರೆತಿಲ್ಲ.

ಇಂಥವನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ ಎಂದರೆ ಕಾಲೇಜಿನ ಸಹನೆಯನ್ನು ನೀವು ಮೆಚ್ಚಬೇಕು. ನನ್ನ ಸ್ಥಿತಿ ನೋಡಿ ಮರುಗಿದವನು ನನ್ನ ಷಡ್ಡಕ, ಅಂದರೆ ಮಹಾದೇವಿಯ ಅಕ್ಕನ ಗಂಡ. ಹೈದರಾಬಾದಿನಲ್ಲಿದ್ದ ಅವನು ತಾನು ಹೊಸದನ್ನು ಕೊಂಡ ಮೇಲೆ ತನ್ನ ಹಳೆಯ ಪಿ.ಡಿ.ಎ.ಯನ್ನು ನನಗೆ ತಂದುಕೊಟ್ಟ. ಈಗಿನವರಿಗೆ ಇದು ಏನೆಂದು ಹೇಳಬೇಕು. ಅಂಗೈಯಗಲದ ಒಂದು ಯಂತ್ರ, ಅದರ ಮೇಲೆ ಗೀಚಲು ಒಂದು ಪ್ಲಾಸ್ಟಿಕ್ ಕಡ್ಡಿ. ವಿಳಾಸ, ತಾರೀಖು, ಮಾಡಬೇಕಾದ ಕೆಲಸ, ಎಲ್ಲವನ್ನೂ ಅದರೊಳಗೆ ತುಂಬಿಟ್ಟರೆ ಹೊತ್ತಿಗೆ ಸರಿಯಾಗಿ ಕುಂಯ್ ಎಂದು ಎಚ್ಚರಿಸುತ್ತದೆ. ಮಹಾದೇವಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಾಟಿ ಎಂದು ಹೆಸರಿಟ್ಟಳು. ಸಾಲಿ ಹುಡುಗರ ಪಾಟಿ ಬಳಪವೇ ಇದು, ಇಷ್ಟು ವಯಸ್ಸಾದ ಮೇಲೆ ಮತ್ತೆ ಒಂದನೇ ಇಯತ್ತೆಗೆ ಹೆಸರು ಹಚ್ಚಿದಿರಿ ಎಂದಳು. ಗಡಿಯಾರ ರಿಪೇರಿಯ ಖಲೀಲ್ ಭಾಯಿಯ ಪ್ರಶ್ನೆ ಇನ್ನೂ ನೇರವಾಗಿತ್ತು. ಇದರಲ್ಲಿ ಫೋನ್ ಬರುವುದಿಲ್ಲ, ಗಾನಾ ಬರುವುದಿಲ್ಲ, ಫೋಟೊ ಬರುವುದಿಲ್ಲ, ಮತ್ತೆ ಇದು ಮಾಡುವುದಾದರೂ ಏನು ಸಾಬ್ ಎಂದು ಕೇಳಿದರು. ನೆನಪಿಡುತ್ತದೆ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಿನಲ್ಲೇ ಹಿಡಿದೆ. ರೈಲಿನಲ್ಲಿ ಬೇಕೆಂದೇ ಅದನ್ನು ತೆಗೆದು ಕಡ್ಡಿಯಿಂದ ಕುಟುಕುತ್ತ ಕೂರುತ್ತಿದ್ದೆ. ಅದರ ಮೇಲೆ ಬರೆಯಲು ಅದರದೇ ಇಂಗ್ಲಿಷ್ ಅಕ್ಷರಗಳನ್ನು ಕಲಿಯಬೇಕಿತ್ತು. ‘ಎ’ಗೆ ಅಡ್ಡಗೆರೆ ಇಲ್ಲ, ‘ಎಫ್’ಗೆ ನಡುಗೆರೆ ಇಲ್ಲ. ಯಂತ್ರ ನನ್ನ ಕೈಬರಹ ಕಲಿಯಲಿಲ್ಲ, ನಾನೇ ಅದರದನ್ನು ಕಲಿತೆ. ಕೊನೆಗೆ ಹಾಜರಿ ಪುಸ್ತಕದಲ್ಲೂ ಹಾಗೇ ಸಹಿ ಮಾಡತೊಡಗಿದಾಗ, ಇದು ಯಾರ ಸಹಿ ಎಂದು ಆಫೀಸಿನಿಂದ ವಿಚಾರಣೆ ಬಂತು. ಇನ್ನೊಮ್ಮೆ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿಬೇಳೆ ತರಲು ಹೋಗಿ, ಅಂಗಡಿಯ ಮುಂದೆ ನಿಂತು ಮನೆಯ ಸಾಮಾನನ್ನು ಯಂತ್ರದಲ್ಲಿ ನೋಡಿ ನೋಡಿ ಕುಟುಕುತ್ತಿದ್ದೆ. ಸಾಹುಕಾರರು ಒಳಗಿನಿಂದ ಎದ್ದು ಬಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಅರ್ಧ ಶಟರ್ ಇಳಿಸಿ ಯಾವ ಇಲಾಖೆಯವರು ಎಂದು ಮೆಲ್ಲಗೆ ವಿಚಾರಿಸಿದರು. ಬೇಳೆ ಬೇಕಾಗಿತ್ತು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆ ದಿನ ತೂಗಿಕೊಟ್ಟ ಬೇಳೆಯಷ್ಟು ಸರಿಯಾದ ತೂಕದ ಬೇಳೆ ಅದಕ್ಕೂ ಮುಂಚೆ ನಮ್ಮ ಮನೆಗೆ ಬಂದಿರಲಿಲ್ಲ ಎಂದು ಮಹಾದೇವಿಯೇ ಒಪ್ಪಿಕೊಂಡಳು.

ಈ ಉತ್ಸಾಹದಲ್ಲೇ ನಾನು ಒಂದು ಭಾನುವಾರ ಕುಳಿತು ವರ್ಷದ ವಿಶೇಷ ದಿನಗಳನ್ನೆಲ್ಲ ಯಂತ್ರಕ್ಕೆ ಊಡಿದೆ. ಮಕ್ಕಳ ಹುಟ್ಟುಹಬ್ಬ, ನಮ್ಮ ಮದುವೆಯ ದಿನ, ನಾಗರಪಂಚಮಿ, ಎಳ್ಳಮವಾಸ್ಯೆ. ಪ್ರತಿಯೊಂದನ್ನೂ ತುಂಬಿದಾಗ ಯಂತ್ರ ವಿನಯದಿಂದ, ಇದು ಪ್ರತಿ ವರ್ಷವೂ ಬರುತ್ತದೆಯೇ ಎಂದು ಕೇಳುತ್ತಿತ್ತು. ಎಂಥ ಪ್ರಶ್ನೆ. ಎಳ್ಳಮವಾಸ್ಯೆ ಬಾರದ ವರ್ಷ ಉಂಟೇ? ಹೌದು ಎಂದು ಒತ್ತಿದೆ. ಹುಟ್ಟುಹಬ್ಬ ತಾರೀಖಿನ ಮೇಲೆ ಬರುತ್ತದೆ, ಅಮವಾಸ್ಯೆ ಚಂದ್ರನ ಮೇಲೆ ಬರುತ್ತದೆ ಎಂಬುದು ನಮ್ಮ ಓಣಿಯ ಹುಡುಗರಿಗೂ ಗೊತ್ತು. ಲೈಬ್ರರಿ ತುಂಬ ಪುಸ್ತಕಗಳ ನಡುವೆ ಕೂತವನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಮರುವರ್ಷ ನಮ್ಮ ಕಾಲೇಜಿಗೆ ಮಂಡ್ಯದ ಕಡೆಯಿಂದ ಹೊಸ ಪ್ರಿನ್ಸಿಪಾಲರು ಬಂದರು. ಗಂಭೀರ ಮನುಷ್ಯ, ಮಾತು ಕಡಿಮೆ. ಅವರು ನಗುವುದನ್ನು ನೋಡಿದ್ದೇನೆ ಎನ್ನುವವರು ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಬೀದರ್ ಸೀಮೆಯಲ್ಲಿ ಎಳ್ಳಮವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ, ಹಸಿಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಉಣ್ಣುತ್ತದೆ ಎಂದು ಅವರು ಎಲ್ಲೋ ಕೇಳಿದ್ದರು. ಒಂದು ದಿನ ಲೈಬ್ರರಿಗೆ ಬಂದವರು ಅದನ್ನು ನೋಡಬೇಕಲ್ಲ ಎಂದರು. ನಾನು ತಡಮಾಡದೆ, ಔರಾದಿನ ಹತ್ತಿರ ನಮ್ಮ ಮಾವನವರ ಹೊಲ ಇದೆ, ಕುಟುಂಬ ಸಮೇತ ಬನ್ನಿ ಎಂದು ಕರೆದೆ. ಯಾವತ್ತು ಎಂದು ಕೇಳಿದರು. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಕಣ್ಣೆತ್ತಿಯೂ ನೋಡದೆ ಜೇಬಿನಿಂದ ಯಂತ್ರ ತೆಗೆದು, ಕಡ್ಡಿಯಿಂದ ಎರಡು ಸಲ ಕುಟುಕಿ, ತಾರೀಖು ಹೇಳಿದೆ. ಅದು ಭಾನುವಾರವೇ ಬಿದ್ದಿತ್ತು. ಆ ವರ್ಷ ಅಧಿಕ ಮಾಸ ಬಂದು ಹಬ್ಬಗಳೆಲ್ಲ ಮುಂದೆ ಹೋಗಿದ್ದವು, ಆದರೆ ಅಧಿಕ ಮಾಸ ಎಂದರೇನೆಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಪ್ರಿನ್ಸಿಪಾಲರು ಅಮವಾಸ್ಯೆಗೆ ಬರುತ್ತಾರೆ ಎಂದು ಮನೆಯಲ್ಲಿ ಹೇಳಿದೆ. ಮಹಾದೇವಿ ಸಂತೋಷಪಟ್ಟು ತನ್ನ ಅಪ್ಪನಿಗೂ ಫೋನ್ ಮಾಡಿ ತಿಳಿಸಿದಳು. ನಮ್ಮ ಮಂದಿಯಲ್ಲಿ ಹಬ್ಬದ ತಾರೀಖನ್ನು ಯಾರೂ ಕೇಳುವುದಿಲ್ಲ. ಅಮವಾಸ್ಯೆ ಎಂದರೆ ಅಮವಾಸ್ಯೆ. ಹಾಗಾಗಿ ಅವಳು ಹೇಳಿದ್ದು ಒಂದು ದಿನ, ನಾನು ಕರೆದದ್ದು ಇನ್ನೊಂದು ದಿನ ಎಂಬುದು ಬಯಲಿಗೆ ಬರುವ ಸಂದರ್ಭವೇ ಒದಗಲಿಲ್ಲ. ಯಂತ್ರವಾದರೂ ಹಿಂದಿನ ದಿನ ಕುಂಯ್ ಎನ್ನಬಹುದಿತ್ತು. ಆದರೆ ಬ್ಯಾಟರಿ ಕೆಟ್ಟು ಅದು ಆ ವಾರ ಖಲೀಲ್ ಭಾಯಿಯ ಡ್ರಾಯರಿನಲ್ಲಿ ಮಲಗಿತ್ತು. ನಾನು ಕರೆದದ್ದನ್ನು ಯಂತ್ರಕ್ಕೆ ಒಪ್ಪಿಸಿ ನೆಮ್ಮದಿಯಿಂದ ಮರೆತುಬಿಟ್ಟಿದ್ದೆ.

ಆ ಭಾನುವಾರ ಬೆಳಿಗ್ಗೆ ಲುಂಗಿ ಉಟ್ಟುಕೊಂಡು ಚಹಾ ಕುಡಿಯುತ್ತ ಕೂತಿದ್ದಾಗ ಮನೆಯ ಫೋನು ರಿಂಗಾಯಿತು. ಪ್ರಿನ್ಸಿಪಾಲರು. ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಭಾಲ್ಕಿಯಿಂದ ಬಸ್ಸು ಹತ್ತಿ ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೇವೆ, ನೀವು ಎಲ್ಲಿದ್ದೀರಿ ಎಂದರು. ಅವರ ಅತ್ತೆ ಇದಕ್ಕೆಂದೇ ಮಂಡ್ಯದಿಂದ ಬಂದಿದ್ದರಂತೆ. ನಾನು, ಬಂದೆ ಸರ್, ದಾರಿಯಲ್ಲೇ ಇದ್ದೇನೆ ಎಂದೆ. ಮನೆಯ ಫೋನಿನಲ್ಲಿ ದಾರಿಯಲ್ಲಿದ್ದೇನೆ ಎಂದು ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

ವಿಷಯ ಕೇಳಿದ ಮಹಾದೇವಿ ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ರೀ, ಇವತ್ತ ಏಕಾದಶಿ ಅದರಿ" ಎಂದಳು. "ರಾತ್ರಿ ಅಂಗಳದಾಗ ಅಷ್ಟು ಬೆಳದಿಂಗಳಿತ್ತು. ಅಮಾಸಿ ದಿನ ಚಂದ್ರ ಎಲ್ಲಿಂದ ಬರ್ತಾನಂತ ಒಮ್ಮೆರ ಮ್ಯಾಲ ನೋಡಬಾರದಾ?"

ಮಾವನವರು ಪಂಢರಪುರದ ವಾರಿ ಯಾತ್ರೆಗೆ ನಡೆದು ಹೋಗುವವರು, ಕೊರಳಲ್ಲಿ ತುಳಸಿಮಾಲೆ ಹಾಕಿದವರು. ಏಕಾದಶಿಯ ದಿನ ಅವರ ಬಾಯಿಗೆ ಅನ್ನದ ಅಗುಳು ಬೀಳುವುದಿಲ್ಲ. ಅಂಥವರ ಮನೆಗೆ ಅಂಥ ದಿನವೇ ಹೇಳದೆ ಕೇಳದೆ ಹಬ್ಬದೂಟದ ಅತಿಥಿಗಳನ್ನು ಕಳಿಸಿದ್ದೆ. ಬಂದವರು ಹಸಿದು ಹಿಂದಿರುಗಿದರೆ ಮಾವನವರ ಮನೆಯ ಹೆಸರು ಹೋಗುತ್ತದೆ, ನನ್ನದು ಮಾವನವರ ಎದುರೂ ಹೋಗುತ್ತದೆ, ಕಾಲೇಜಿನಲ್ಲೂ ಹೋಗುತ್ತದೆ. ಮಹಾದೇವಿ ಆಗಲೇ ತವರಿಗೆ ಫೋನು ಹಚ್ಚಿದ್ದಳು. ಆ ಕಡೆಯಿಂದ ಮಾವನವರು ಏನಂದರೋ ಗೊತ್ತಿಲ್ಲ. ಅವಳು ಹ್ಞೂಂ ಅಪ್ಪಾ, ಹ್ಞೂಂ ಎಂದು ಫೋನಿಟ್ಟು, ಅಂಗಿ ಹಾಕಿಕೊಳ್ಳಿರಿ ಎಂದಳು.

ಔರಾದಿನ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಹೊಲಗಳನ್ನು ನೋಡಿದೆ. ಎಲ್ಲೂ ಒಂದು ಹಬ್ಬದ ಸೀರೆ ಕಾಣಲಿಲ್ಲ. ಮಾವನವರ ಹೊಲ ಮುಟ್ಟಿದಾಗ ಮಾತ್ರ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಜೋಳದ ದಂಟಿನ ಕೊಂಪೆ ಎದ್ದಿತ್ತು, ಅದರೊಳಗೆ ಪಾಂಡವರೆಂದು ಐದು ಕಲ್ಲು ಇಟ್ಟು ಸುಣ್ಣ ಬಳಿದಿದ್ದರು. ಪಕ್ಕದ ಹೊಲದಲ್ಲಿ ತೊಗರಿ ಕೊಯ್ಯಲು ಬಂದಿದ್ದ ಹೆಂಗಸರು ನಮ್ಮ ಅತ್ತೆಯ ಜೊತೆ ಕೂತು ಅವರೆ, ತೊಗರಿ, ಬಟಾಣಿಯ ಕಾಯಿ ಸುಲಿಯುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ಭಜ್ಜಿ ಕುದಿಯುತ್ತಿತ್ತು. ಮಂಡ್ಯದ ಹಿರಿಯ ಹೆಂಗಸು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಕೂತಿದ್ದರು. ಪ್ರಿನ್ಸಿಪಾಲರು ಸುಟ್ಟ ಜೋಳದ ಎಳೆಗಾಳನ್ನು, ನಮ್ಮ ಕಡೆಯ ಸೀತನಿಯನ್ನು, ಬೆಲ್ಲದ ಜೊತೆ ಮೆಲ್ಲುತ್ತಿದ್ದರು. "ಬರ್ರಿ ಅಳಿಯಂದ್ರ, ತಡ ಮಾಡಿದ್ರಿ, ಹಬ್ಬದ ದಿನ ಹಿಂಗ ಮಾಡ್ತಾರೇನ್ರಿ?" ಎಂದು ಮಾವನವರು ಏನೂ ಆಗದವರ ಹಾಗೆ ಕರೆದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಅತಿಥಿಗಳ ಮುಂದೆ ಬಿದ್ದರೆ ಗುಟ್ಟು ಹೊರಬೀಳುತ್ತದೆಂದು ಸುಮ್ಮನಾದೆ.

ಇನ್ನು ಗುಟ್ಟು ಕಾಪಾಡುವ ಹೊಣೆ ನನ್ನದು. ಪ್ರಿನ್ಸಿಪಾಲರು ಸುತ್ತಲೂ ನೋಡಿ, ಊರಿಗೆ ಊರೇ ಬರುತ್ತದೆ ಎಂದು ಕೇಳಿದ್ದೆನಲ್ಲ, ಬೇರೆ ಹೊಲಗಳಲ್ಲಿ ಯಾರೂ ಕಾಣುತ್ತಿಲ್ಲ ಎಂದರು. ಔರಾದಿನ ಕಡೆ ಹೊಲಗಳು ಸರದಿಯ ಮೇಲೆ ಹಬ್ಬ ಮಾಡುತ್ತವೆ ಎಂದೆ. ಓಹೋ, ಸರದಿ ಯಾರು ಗೊತ್ತು ಮಾಡುತ್ತಾರೆ ಎಂದರು. ಊರ ಹಿರಿಯರು ಎಂದೆ. ಊಟಕ್ಕೆ ಕೂತಾಗ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಬಂತು. ಮಾವನವರು ತಾವೇ ನಿಂತು ಬಡಿಸಿ, ತಾವು ಮಾತ್ರ ಎರಡು ಗೆಣಸು ಹಿಡಿದು ಆಚೆ ಕೂತರು. ಯಜಮಾನರು ಯಾಕೆ ಊಟ ಮಾಡುತ್ತಿಲ್ಲ ಎಂಬ ಪ್ರಶ್ನೆ ಬಂತು. ಎಳ್ಳಮವಾಸ್ಯೆಯ ದಿನ ಹೊಲದೊಡೆಯ ಗೆಣಸು ಮಾತ್ರ ತಿನ್ನಬೇಕು, ಭೂಮಿತಾಯಿಯ ಒಳಗೆ ಬೆಳೆದದ್ದು ಎಂದೆ. ನನ್ನ ಬಾಯಿಯಿಂದ ಇಷ್ಟು ಚೆಂದದ ಶಾಸ್ತ್ರ ಹೊರಡುತ್ತದೆಂದು ನನಗೇ ಗೊತ್ತಿರಲಿಲ್ಲ. ಪ್ರಿನ್ಸಿಪಾಲರು ಮುಖ ಬಿಗಿದುಕೊಂಡು ತಲೆಯಾಡಿಸಿ, ಶೇಂಗಾ ತಿನ್ನಬಹುದೇ ಎಂದು ಕೇಳಿದರು. ಅದೂ ಭೂಮಿಯೊಳಗಿನದೇ, ತಿನ್ನಬಹುದು ಎಂದೆ. ಮಾವನವರಿಗೆ ಕೆಮ್ಮು ಬಂತು, ಎದ್ದು ಕೊಂಪೆಯ ಹಿಂದೆ ಹೋದರು. ಉಪವಾಸದ ನಿಶ್ಶಕ್ತಿ ಇರಬೇಕೆಂದು ಮರುಗಿದೆ.

ಸಂಜೆಗೆ ಅತಿಥಿಗಳು ಡಬ್ಬಿಯ ತುಂಬ ಭಜ್ಜಿ ಕಟ್ಟಿಸಿಕೊಂಡು ಸಂತೋಷವಾಗಿ ಹೊರಟರು. ನಾನೂ ಗೆದ್ದೆನೆಂದುಕೊಂಡೆ. ಉಳಿದ ಒಂದೇ ಅಡ್ಡಿ ನಿಜವಾದ ಎಳ್ಳಮವಾಸ್ಯೆ. ಆ ದಿನ ಮಾವನವರ ಹೊಲಕ್ಕೆ ಹೋಗದೆ ಇರುವಂತಿಲ್ಲ, ಹೋಗುತ್ತೇನೆಂದು ಹೇಳುವಂತೆಯೂ ಇಲ್ಲ. ರಜೆಯ ಅರ್ಜಿಯಲ್ಲಿ ಹೊಟ್ಟೆನೋವು ಎಂದು ಬರೆದು, ಮುಖವನ್ನೂ ಅದಕ್ಕೆ ತಕ್ಕಂತೆ ಹಿಂಡಿಕೊಂಡು ಪ್ರಿನ್ಸಿಪಾಲರ ಮುಂದೆ ಇಟ್ಟೆ. ಅವರು ಓದಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.

"ಭಜ್ಜಿ ಜಾಸ್ತಿ ತಿನ್ನಬೇಡಿ, ಹೊಟ್ಟೆನೋವಿಗೆ ಒಳ್ಳೆಯದಲ್ಲ" ಎಂದರು. "ಮಾವನವರು ಈ ಸಲ ಗೆಣಸು ಬಿಟ್ಟು ಊಟ ಮಾಡಲಿ."

ನೆಲ ಬಿರಿದು ನುಂಗಬಾರದೇ ಅನಿಸಿತು. ಆಗ ಅವರು ನಕ್ಕರು, ಮೇಜು ಅಲುಗುವ ಹಾಗೆ. ಆ ಭಾನುವಾರ ಅವರನ್ನು ಕರೆದೊಯ್ಯಲು ಬಸ್ ಸ್ಟ್ಯಾಂಡಿಗೆ ಚಕ್ಕಡಿ ಕಟ್ಟಿಕೊಂಡು ಬಂದ ಮಾವನವರು, ಗಾಡಿ ಊರು ದಾಟುವ ಮೊದಲೇ ಎಲ್ಲ ಹೇಳಿಬಿಟ್ಟಿದ್ದರಂತೆ. ಇವತ್ತು ಅಮವಾಸ್ಯೆ ಅಲ್ಲ ಸಾಹೇಬರ, ಆದರೆ ನೀವು ಬಂದ ದಿನವೇ ನಮಗೆ ಹಬ್ಬ. ಒಂದೇ ಮಾತು, ನಿಮಗೆ ಗೊತ್ತಿದೆ ಎಂದು ನಮ್ಮ ಅಳಿಯನಿಗೆ ಗೊತ್ತಾಗುವುದು ಬೇಡ, ಪಾಪ, ಬಹಳ ನೊಂದುಕೊಳ್ಳುತ್ತಾನೆ ಎಂದಿದ್ದರಂತೆ. ಹಾಗಾದರೆ ಸರದಿ, ಗೆಣಸು, ಭೂಮಿತಾಯಿ ಎಂದು ದಿನವಿಡೀ ನಾನು ಬೆವರಿದ್ದನ್ನು ಇಬ್ಬರೂ ಕೂತು ಸವಿದಿದ್ದರು. ಆ ಕೆಮ್ಮು ನಿಶ್ಶಕ್ತಿಯ ಕೆಮ್ಮಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಉಪವಾಸದ ಹೊಟ್ಟೆಯಲ್ಲಿ ನನ್ನ ಮಾನ ಕಾಯ್ದ ಮಾವ ಯಾರಿಗೆ ಸಿಗುತ್ತಾರೆ ಎಂದು ಕಣ್ಣು ಒದ್ದೆಯಾಯಿತು. ಈ ಬಾರಿ ಪ್ರಿನ್ಸಿಪಾಲರನ್ನೂ ಮತ್ತೆ ಕರೆದುಕೊಂಡೇ ಹೋದೆ. ಮಾವನವರು ಮೂರು ರೊಟ್ಟಿ ಹೆಚ್ಚಿಗೆ ತಿಂದರು. ಮರುವರ್ಷದಿಂದ ಪ್ರಿನ್ಸಿಪಾಲರೇ ಕೇಳತೊಡಗಿದರು, ನಾನು ಬರುವುದು ಪಂಚಾಂಗದ ಅಮವಾಸ್ಯೆಗೋ, ನಿಮ್ಮ ಪಾಟಿಯ ಅಮವಾಸ್ಯೆಗೋ ಎಂದು. ಹೀಗೆ ನಮ್ಮ ಮನೆಯಲ್ಲಿ ಎಳ್ಳಮವಾಸ್ಯೆ ಎರಡಾದವು, ಚಂದ್ರನದೊಂದು, ಪಾಟಿಯ ತಾರೀಖಿನದೊಂದು.

ಪಾಟಿ ಸತ್ತು ಬಹಳ ದಿನವಾಯಿತು. ಅದರ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲವೆಂದು ಖಲೀಲ್ ಭಾಯಿ ಕೈಚೆಲ್ಲಿದ್ದಾರೆ. ಈಗ ನನ್ನ ಜೇಬಿನಲ್ಲಿರುವ ಫೋನಿಗೆ ತಿಥಿ, ನಕ್ಷತ್ರ, ರಾಹುಕಾಲ, ಅಧಿಕ ಮಾಸ ಎಲ್ಲ ಗೊತ್ತು. ಈ ವರ್ಷ ಒಂದು ದಿನ ಮಧ್ಯಾಹ್ನ ಅದು ರಿಂಗಾಯಿತು. ಮಂಡ್ಯದಿಂದ ನಮ್ಮ ಹಳೆಯ ಪ್ರಿನ್ಸಿಪಾಲರು. ಹಬ್ಬದ ಶುಭಾಶಯ ಎಂದರು. ಯಾವ ಹಬ್ಬ ಸರ್, ಇವತ್ತು ಏನೂ ಇಲ್ಲವಲ್ಲ ಎಂದೆ. ಆ ಕಡೆ ನಗು ಕೇಳಿತು. ಅಡುಗೆಮನೆಯಿಂದ ಭಜ್ಜಿಯ ಘಮಲು ಬರುತ್ತಿತ್ತು, ಔರಾದಿನಿಂದ ಬೆಳಿಗ್ಗೆಯೇ ಬಂದಿದ್ದ ಮಾವನವರು ಪಡಸಾಲೆಯಲ್ಲಿ ಕೂತು ಗೆಣಸು ಸುಲಿಯುತ್ತಿದ್ದರು. ಇವೆಲ್ಲ ಯಾಕೆ ಎಂದು ಕೇಳಬೇಕೆಂದು ನಾನು ಮುಂಜಾನೆಯಿಂದ ಅಂದುಕೊಂಡು ಮರೆತಿದ್ದೆ.